ಭಾರದ ಮಾಳಿಗೆ, ಹಗುರ ಪತ್ರಾಸು



ಇವತ್ತಿನ ಮಾತು ತಲೆಯ ಮೇಲಿನ ಸೂರಿನದು. ಅದನ್ನು ಗಾಳಿ ಹೇಗೆ ಎತ್ತುತ್ತದೆ, ಎತ್ತದಂತೆ ಹೇಗೆ ಕೂಡಿಸಬೇಕು, ಕೂಡಿಸುವ ಕೆಲಸಗಾರನನ್ನು ಹೇಗೆ ಗೊತ್ತು ಮಾಡಬೇಕು ಎಂಬ ಸಂಸಾರದ ಮಾತು. ಕರಜಗಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾತಾಡುತ್ತೇನೆ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ ಊರು ಅದು. ಅಲ್ಲಿಂದ ವಿಜಯಪುರ ಜಿಲ್ಲೆಯ ಗಡಿ ದೂರವಲ್ಲ. ಮನೆಯೊಳಗಿನ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಆದರೆ ಇಲ್ಲಿ ಹೇಳುವುದು ಉಮದಿಗೂ ಸಂಖಕ್ಕೂ ಮಾಡಗ್ಯಾಳಕ್ಕೂ, ಗಡಿಯ ಆಚೆಗಿರುವ ಇಂಡಿ, ಚಡಚಣಕ್ಕೂ ಅಷ್ಟೇ ಹೊಂದುತ್ತದೆ. ಗಾಳಿಗೆ ರಾಜ್ಯದ ಗಡಿ ಗೊತ್ತಿಲ್ಲ.

ಜತ್ತ ಎಂದರೆ ಬರ ಎಂದೇ ಹೊರಗಿನವರಿಗೆ ನೆನಪು. ಮಳೆಯೇ ಕಡಿಮೆ ಇರುವ ಸೀಮೆಯಲ್ಲಿ ಸೂರಿನ ಚಿಂತೆ ಏಕೆ ಎಂದು ಅವರಿಗೆ ಅನಿಸಬಹುದು. ಆದರೆ ಸಹ್ಯಾದ್ರಿಯನ್ನು ದಾಟಿ ನಮ್ಮ ಕಡೆ ಬರುವ ಹೊತ್ತಿಗೆ ಮುಂಗಾರಿನ ಮೋಡದಲ್ಲಿ ನೀರು ತೀರಿರುತ್ತದೆ, ಗಾಳಿ ತೀರಿರುವುದಿಲ್ಲ. ಜತ್ತದ ಬೋಳು ದಿಬ್ಬಗಳ ಮೇಲೆ ಗಾಳಿವಿದ್ಯುತ್ ಕಂಪನಿಗಳು ಎತ್ತರದ ಕಂಬ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಕಂಪನಿಯವರು ಹುಡುಕಿಕೊಂಡು ಬಂದ ಗಾಳಿ ನಮ್ಮ ಮನೆಗಳ ಮೇಲೂ ಬೀಸುತ್ತದೆ.

ಈ ಸೀಮೆಯ ಸೂರಿಗೆ ವರ್ಷದಲ್ಲಿ ಮೂರು ಪರೀಕ್ಷೆ. ಮೊದಲನೆಯದು ಯುಗಾದಿಯ ನಂತರ. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲ, ಎಂದರೆ ಏಪ್ರಿಲ್ ನಡುವಿನಿಂದ ಮೇ ನಾಲ್ಕನೆಯ ವಾರದ ತನಕ. ನೆಲ ಕಾದು, ಮಧ್ಯಾಹ್ನ ಮೂರು ಗಂಟೆಗೆ ಮೂಡಲದಲ್ಲೋ ತೆಂಕಣದಲ್ಲೋ ಮೋಡ ಕಪ್ಪಾಗಿ ಏರುತ್ತದೆ. ಮೋಡದೊಳಗಿನ ತಣ್ಣನೆಯ ಗಾಳಿ ಒಮ್ಮೆಲೆ ಕೆಳಗೆ ಕುಸಿದು, ನೆಲಕ್ಕೆ ಬಡಿದು, ಎಲ್ಲ ದಿಕ್ಕಿಗೂ ಹರಡುತ್ತದೆ. ಮಳೆ ಹತ್ತು ನಿಮಿಷ, ಧೂಳು ಅರ್ಧ ತಾಸು. ಆದರೆ ವರ್ಷದಲ್ಲಿ ಹಾರುವ ತಗಡುಗಳಲ್ಲಿ ಬಹುಪಾಲು ಹಾರುವುದು ಈ ಸಣ್ಣ ಹೊತ್ತಿನಲ್ಲೇ. ಇದರ ಜೊತೆಗೆ, ಇಲ್ಲವೆ ಇದಕ್ಕೂ ಮುಂಚೆ, ಕೆಲವು ವರ್ಷ ಆಲಿಕಲ್ಲು. 2014ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರದ ಉದ್ದಗಲಕ್ಕೂ, ಉತ್ತರ ಕರ್ನಾಟಕದ ಒಳನಾಡಿಗೂ ಬಿದ್ದ ಆಲಿಕಲ್ಲನ್ನು ದ್ರಾಕ್ಷಿ, ದಾಳಿಂಬೆ ಬೆಳೆಗಾರರು ಮರೆತಿಲ್ಲ.

ಎರಡನೆಯದು ಆಷಾಢದ ಗಾಳಿ. ಇದು ಸಿಡಿಲಿನಂತೆ ಬಂದು ಹೋಗುವುದಲ್ಲ. ಪಡುವಲಿನಿಂದ ಹಗಲೂ ರಾತ್ರಿ, ವಾರಗಟ್ಟಲೆ ಒಂದೇ ಸಮನೆ ಬೀಸುತ್ತದೆ. ಯಾರ ಮನೆಯ ತಗಡನ್ನೂ ಒಂದೇ ಏಟಿಗೆ ಕೀಳುವುದಿಲ್ಲ, ಆದರೆ ಎಲ್ಲರ ಮನೆಯ ಮೊಳೆಯನ್ನೂ ನಟ್ಟನ್ನೂ ಸಡಿಲ ಮಾಡುತ್ತದೆ. ರಾತ್ರಿಯಿಡೀ ಪತ್ರಾಸು, ಎಂದರೆ ಸೂರಿನ ತಗಡು, ಕಟಕಟ ಎನ್ನುವುದು ಅದೇ ಕೆಲಸದ ಸದ್ದು.

ಮೂರನೆಯದು ಉತ್ತರಿ, ಹಸ್ತ, ಚಿತ್ತಿ ಮಳೆಗಳು. ನಮ್ಮ ಹಿಂಗಾರಿ ಜೋಳಕ್ಕೆ ಹದ ತರುವ ಮಳೆ ಇದೇ, ಮಣ್ಣಿನ ಮನೆ ಕೆಡವುವ ಮಳೆಯೂ ಇದೇ. ಬಂಗಾಳ ಉಪಸಾಗರದಲ್ಲಿ ಹುಟ್ಟಿದ ವಾಯುಭಾರ ಕುಸಿತ ಆಂಧ್ರದ ಕರಾವಳಿ ದಾಟಿ ನೇರ ನಮ್ಮ ಕಡೆ ನಡೆದು ಬಂದರೆ ಮೂರು ದಿನ ಬಿಡುವಿಲ್ಲದ ಮಳೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಹಾಗೆ ಸುರಿದ ಮಳೆಗೆ ಆಗಿನ ಬಿಜಾಪುರ, ಬಾಗಲಕೋಟೆ, ರಾಯಚೂರು ಜಿಲ್ಲೆಗಳಲ್ಲಿ ಲೆಕ್ಕವಿಲ್ಲದಷ್ಟು ಮಣ್ಣಿನ ಮನೆಗಳು ಕುಳಿತವು. ಕರ್ನಾಟಕ ಸರ್ಕಾರ ‘ಆಸರೆ’ ಹೆಸರಿನಲ್ಲಿ ಹೊಸ ಊರುಗಳನ್ನೇ ಕಟ್ಟಬೇಕಾಯಿತು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಸೇರಿದ ವಾಯುಭಾರ ಕುಸಿತ ತೆಲಂಗಾಣ, ಕಲಬುರಗಿ ದಾಟಿ ಸೊಲ್ಲಾಪುರದ ಕಡೆ ಬಂತು. ಭೀಮೆ ಉಕ್ಕಿದಳು. ಬರದ ಸೀಮೆ ಎಂದು ಹೆಸರಾದ ಹಳ್ಳಿಗಳಲ್ಲಿ ಗೋಡೆ ನೆನೆದು ಬಿದ್ದವು.

ಈ ಮೂರನ್ನೂ ನಮ್ಮ ಹಿರಿಯರು ಒಂದೇ ಉಪಾಯದಿಂದ ಎದುರಿಸಿದರು. ಅದೇ ಮಾಳಿಗೆ ಮನೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ನಡುವೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡ ಜಂತಿ, ಜಂತಿಯ ಮೇಲೆ ಹಲಗೆಯೋ ತೊಗರಿ ಕಟ್ಟಿಗೆಯೋ, ಬೇವಿನ ಸೊಪ್ಪಿನ ಹಾಸು. ಇಷ್ಟೆಲ್ಲದರ ಮೇಲೆ ಒಂದು ಅಡಿ ಮಣ್ಣು, ಅದೇ ಮೇಲ್ಮುದ್ದಿ. ಆ ಮಣ್ಣೂ ಹೊಲದ ಕರಿಮಣ್ಣಲ್ಲ. ಕರಿಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೇಲ್ಮುದ್ದಿಗೆ ಬೇಕಾದದ್ದು ಹಾಳು ಮಣ್ಣು, ಹಳೆಯ ಊರ ತಾಣದ ಬಿಳಿ ಮಣ್ಣು. ಮಳೆಗಾಲದ ಮುಂಚೆ ಅದನ್ನು ಹರವಿ, ಬಡಿದು, ನೀರು ಹೋಗುವ ದೋಣಿಯ ಕಡೆಗೆ ಇಳಿಜಾರು ಮಾಡುತ್ತಿದ್ದರು. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಯಲ್ಲಿ ಬೆಚ್ಚಗೆ. ಎಂಥ ಬಿರುಗಾಳಿ ಬಂದರೂ ಮಾಳಿಗೆ ಹಾರಿತು ಎಂಬ ಸುದ್ದಿ ಕೇಳಿದವರಿಲ್ಲ.

ಆ ಮನೆಯ ಮೇಲಿನ ನಂಬಿಕೆ ಅಲುಗಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಹಿಂದಿನ ದಿನ ಗಣಪತಿಯನ್ನು ಕಳಿಸಿ ಜನ ಮಲಗಿದ್ದರು. ನಾಲ್ಕು ಗಂಟೆಗೆ ಇನ್ನು ಕೆಲವು ನಿಮಿಷ ಇರುವಾಗ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಸರ್ಕಾರಿ ಲೆಕ್ಕದಲ್ಲೇ ಸುಮಾರು ಎಂಟು ಸಾವಿರ ಜನ ಸತ್ತರು. ಅಲ್ಲಿಯ ಮನೆಗಳೂ ನಮ್ಮವೇ ಮಾದರಿ, ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಸೋರಿದ ಕಡೆ ಪ್ರತಿ ವರ್ಷ ಇನ್ನೊಂದು ಬುಟ್ಟಿ ಮಣ್ಣು ಹಾಕುತ್ತ ಹಾಕುತ್ತ ಕೆಲವು ಮನೆಗಳಲ್ಲಿ ಮೇಲ್ಮುದ್ದಿ ಎರಡು ಅಡಿ ಮುಟ್ಟಿತ್ತು. ಆಮೇಲೆ ನೋಡಿದ ಎಂಜಿನಿಯರರು ಒಂದು ವಿಷಯ ಬರೆದರು. ಹಲವೆಡೆ ಮರದ ಕಂಬ, ತೊಲೆಗಳ ಚೌಕಟ್ಟು ನಿಂತೇ ಇತ್ತು, ಕುಸಿದು ಕೊಂದದ್ದು ಕಟ್ಟಿಲ್ಲದ ಕಲ್ಲಿನ ಗೋಡೆ. ಆದರೆ ಊರಿಂದ ಊರಿಗೆ ಹರಡಿದ ಸುದ್ದಿ ಇಷ್ಟೇ ಆಗಿತ್ತು: ಮಾಳಿಗೆ ಕೆಟ್ಟದ್ದು. ತೊಲೆ, ಜಂತಿಗೆ ಬೇಕಾದ ಮರವೂ ಆಗಲೇ ತುಟ್ಟಿಯಾಗಿತ್ತು. ಮಣ್ಣು ಹಾಕಿ ಬಡಿಯಬಲ್ಲ ಕೈಗಳೂ ಕಡಿಮೆಯಾಗಿದ್ದವು. ಹೀಗೆ ಮಣ್ಣು ಇಳಿದು ಪತ್ರಾಸು ಏರಿತು. ಅನುಕೂಲವಿದ್ದವರು ಸ್ಲ್ಯಾಬ್ ಹಾಕಿಸಿದರು. ಘರಕುಲ, ಎಂದರೆ ಸರ್ಕಾರಿ ಮನೆ, ಸಿಕ್ಕವರು ಪ್ರಧಾನಮಂತ್ರಿ ಆವಾಸ್ ಯೋಜನೆಯ 1,20,000 ರೂಪಾಯಿಗೆ ತಮ್ಮದಷ್ಟು ಸೇರಿಸಿ ಎರಡು ಕೋಣೆ ಕಟ್ಟಿಕೊಂಡರು. ಉಳಿದವರಿಗೆ, ತೋಟದ ವಸ್ತಿಯ ಮನೆಗಳಿಗೆ, ದನದ ಕೊಟ್ಟಿಗೆಗಳಿಗೆ ತಗಡೇ ಗತಿಯಾಯಿತು.

ತಗಡನ್ನು ಬೈಯುವುದಕ್ಕೆ ನಾನು ಬಂದಿಲ್ಲ. ತಗಡಿನ ಮನೆ ಭೂಕಂಪಕ್ಕೆ ಮಣ್ಣಿನ ಮಾಳಿಗೆಗಿಂತ ಎಷ್ಟೋ ಸುರಕ್ಷಿತ. ಹಾಕುವುದು ಬೇಗ, ಬಿಚ್ಚುವುದು ಸುಲಭ. ನನ್ನ ತಕರಾರು ಒಂದೇ. ನಾವು ಸೂರನ್ನು ಬದಲಾಯಿಸಿದೆವು, ಸೂರಿನ ಬಗೆಗಿನ ತಿಳಿವಳಿಕೆಯನ್ನು ಬದಲಾಯಿಸಲಿಲ್ಲ. ಮಾಳಿಗೆ ನಿಂತದ್ದು ತನ್ನ ಭಾರದಿಂದ. ತಗಡಿಗೆ ಆ ಭಾರವಿಲ್ಲ, ಅದು ನಿಲ್ಲಬೇಕಾದದ್ದು ಕಟ್ಟಿನಿಂದ. ನಾವು ಮಾತ್ರ ತಗಡನ್ನೂ ಭಾರ ಹೇರಿಯೇ ನಿಲ್ಲಿಸಲು ನೋಡುತ್ತೇವೆ. ನಮ್ಮ ಯಾವ ಹಳ್ಳಿಗೆ ಹೋದರೂ ತಗಡಿನ ಮೇಲೆ ಸಾಲಾಗಿ ಕಲ್ಲು ಕಾಣುತ್ತವೆ. ಹಳೆಯ ಒರಳು, ಹರಿದ ಟೈರು, ಮಣ್ಣು ತುಂಬಿದ ಚೀಲವೂ ಉಂಟು.

ಸ್ವಲ್ಪ ಲೆಕ್ಕ ಮಾಡೋಣ. ಒಂದು ಚದರ ಅಡಿ ಜಾಗ ಹಿಡಿಯಿರಿ. ಒಂದು ಅಡಿ ದಪ್ಪದ ಮೇಲ್ಮುದ್ದಿ ಆ ಜಾಗದಲ್ಲಿ ಸುಮಾರು 45 ಕಿಲೋ ತೂಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಗಡು ಅದೇ ಜಾಗದಲ್ಲಿ ತೂಗುವುದು ಹೆಚ್ಚುಕಡಿಮೆ ಅರ್ಧ ಕಿಲೋ. ಈಗ ಗಾಳಿ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ, ಎಂದರೆ ಹವಾಮಾನ ಇಲಾಖೆಯ ಬೇಸಿಗೆಯ ಮುನ್ಸೂಚನೆಯಲ್ಲಿ ನಾವು ಮತ್ತೆ ಮತ್ತೆ ಕೇಳುವ ವೇಗ, ಒಂದು ಚದರ ಅಡಿಗೆ ಒಂದೂವರೆ ಕಿಲೋದಷ್ಟು ಒತ್ತಡ ಹುಟ್ಟಿಸುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 108 ಕಿಲೋಮೀಟರಿಗೆ ಅದು ಚದರ ಅಡಿಗೆ ಐದು ಕಿಲೋ ಮುಟ್ಟುತ್ತದೆ. ಈ ಮೂರು ಅಂಕಿಗಳನ್ನು ನೆನಪಿಡಿ. ಮಣ್ಣು ನಲವತ್ತೈದು, ದೊಡ್ಡ ಗಾಳಿ ಐದು, ತಗಡು ಅರ್ಧ. ಮಾಳಿಗೆಗೆ ಗಾಳಿ ಲೆಕ್ಕಕ್ಕೇ ಇರಲಿಲ್ಲ, ಗಾಳಿಗೆ ತಗಡು ಲೆಕ್ಕಕ್ಕಿಲ್ಲ.

ಹತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ತಗಡಿನ ಮೇಲೆ ಆ ದೊಡ್ಡ ಗಾಳಿಯ ಎಳೆತ 170 ಕಿಲೋ ದಾಟುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಇನ್ನೂ ಹೆಚ್ಚು. ಅದನ್ನು ಕಲ್ಲಿನಿಂದಲೇ ತಡೆಯಬೇಕಾದರೆ ಒಂದೊಂದು ತಗಡಿಗೂ ಎರಡು ಕ್ವಿಂಟಲ್ ಕಲ್ಲು ಹೇರಬೇಕು. ಅಷ್ಟನ್ನು ಕೆಳಗಿನ ಪೈಪು ಹೊರುವುದಿಲ್ಲ. ನಾವು ಇಡುವ ನಾಲ್ಕೈದು ಕಲ್ಲುಗಳಿಂದ ಆಗುವುದು ಇಷ್ಟು. ಸಣ್ಣ ಗಾಳಿಗೆ ತಗಡು ಬಡಿಯುವುದು ನಿಲ್ಲುತ್ತದೆ, ನಮಗೆ ಧೈರ್ಯ ಬರುತ್ತದೆ. ದೊಡ್ಡ ಗಾಳಿ ಬಂದ ದಿನ ಒಂದು ಅಂಚು ಮೇಲೆದ್ದರೆ ಸಾಕು, ಕಲ್ಲು ಉರುಳುತ್ತದೆ. ಕೆಳಗೆ ಮಲಗಿದ ಮಗುವಿನ ಮೇಲೋ ಅಂಗಳದಲ್ಲಿ ಕಟ್ಟಿದ ಎಮ್ಮೆಯ ಮೇಲೋ ಬೀಳುತ್ತದೆ. ಬಿರುಗಾಳಿಯಲ್ಲಿ ತಗಡಿನ ಕಲ್ಲು ಬಿದ್ದು ಸತ್ತವರ ಸುದ್ದಿ ಬೇಸಿಗೆಯ ಪತ್ರಿಕೆಗಳಲ್ಲಿ ಅಪರೂಪವಲ್ಲ. ಕಲ್ಲನ್ನು ಇಳಿಸಿ ಎಂಬುದೇ ಈ ಭಾಷಣದ ಮೊದಲ ಬೇಡಿಕೆ. ಕಟ್ಟು ಭದ್ರ ಮಾಡಿದ ಮೇಲೆ ಇಳಿಸಿ, ಆದರೆ ಇಳಿಸಿ.

ತಗಡು ಹಾರುವುದು ಹೇಗೆ? ಗಾಳಿ ಮೇಲಿನಿಂದ ತಳ್ಳುತ್ತದೆ ಎಂದು ತಿಳಿದರೆ ತಪ್ಪಾಗುತ್ತದೆ. ಚಪ್ಪಟೆ ಛಾವಣಿಯ ಅಂಚನ್ನು ದಾಟುವಾಗ ಗಾಳಿ ಮೇಲಕ್ಕೆ ಜಿಗಿಯುತ್ತದೆ, ಅಲ್ಲಿ ತಗಡಿನ ಮೇಲೆ ಒತ್ತಡ ಇಳಿದು ಹೀರುವ ಸೆಳೆತ ಹುಟ್ಟುತ್ತದೆ. ಅದೇ ಹೊತ್ತಿಗೆ ಗಾಳಿಯ ಕಡೆಗಿನ ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ಎತ್ತುತ್ತದೆ. ಮೇಲಿನ ಸೆಳೆತ, ಒಳಗಿನ ನೂಕು ಎರಡೂ ಕೂಡಿದಾಗ ಮೊದಲು ಮೂಲೆ ಬಿಚ್ಚುತ್ತದೆ, ಆಮೇಲೆ ಇಡೀ ಸಾಲು. ಆದ್ದರಿಂದ ಮೋಡ ಕಪ್ಪಾದ ಕೂಡಲೇ ಗಾಳಿ ಬರುವ ದಿಕ್ಕಿನ ಬಾಗಿಲು, ಕಿಟಕಿ ಮುಚ್ಚಬೇಕು. ಎದ್ದ ತಗಡನ್ನು ಕೈಯಿಂದ ಹಿಡಿದು ನಿಲ್ಲಿಸಲು ಯಾರೂ ಹೋಗಬಾರದು. ಅದರ ಎಳೆತ ಎಷ್ಟೆಂದು ಈಗಷ್ಟೇ ಕೇಳಿದಿರಿ.

ಈ ಸೆಳೆತದ ಕಾಟ ಹೆಚ್ಚು ಕಾಣುವುದು ಬೇದಾಣೆ ಶೆಡ್ಡುಗಳಲ್ಲಿ. ಜತ್ತದ ಮೂಡಲ ಭಾಗದಲ್ಲಿ ದ್ರಾಕ್ಷಿಯನ್ನು ಒಣಗಿಸಲು ನಾಲ್ಕೂ ಕಡೆ ಬಯಲಾಗಿರುವ, ಮೇಲೆ ಮಾತ್ರ ಹೊದಿಕೆ ಇರುವ ಉದ್ದನೆಯ ಶೆಡ್ಡು ಕಟ್ಟುತ್ತಾರೆ. ಒಣಗಲು ಗಾಳಿ ಆಡಬೇಕು, ಆದ್ದರಿಂದ ಗೋಡೆ ಇರುವಂತಿಲ್ಲ. ಅದೇ ಕಾರಣಕ್ಕೆ ಕೆಳಗಿನ ನೂಕಿಗೆ ತಡೆಯೂ ಇಲ್ಲ. ದ್ರಾಕ್ಷಿ ಒಣಗುವ ಹಂಗಾಮು ಫೆಬ್ರವರಿಯಿಂದ ಏಪ್ರಿಲ್. ಅದರ ಬಾಲಕ್ಕೇ ಬಿರುಗಾಳಿಯ ತಲೆ ತಾಗಿದೆ. ಶೆಡ್ಡಿನ ಹೊದಿಕೆ ಹಾರಿದರೆ ಹೋಗುವುದು ಹೊದಿಕೆ ಒಂದೇ ಅಲ್ಲ. ಅಟ್ಟದ ಮೇಲಿನ ಮಾಲು ನೆನೆದು ಬಣ್ಣ ಕೆಟ್ಟು ವರ್ಷದ ದುಡಿಮೆ ಅರ್ಧಕ್ಕೆ ಇಳಿಯುತ್ತದೆ. ಶೆಡ್ಡಿನ ಕಂಬಗಳ ನಡುವೆ ಮೂಲೆಯಿಂದ ಮೂಲೆಗೆ ಓರೆ ಕಟ್ಟು, ಕಂಬದ ಬುಡಕ್ಕೆ ಕಾಂಕ್ರೀಟು, ಹೊದಿಕೆಯ ಮೇಲಿನಿಂದ ಹಾದು ನೆಲದ ಗೂಟಕ್ಕೆ ಇಳಿಯುವ ಕಬ್ಬಿಣದ ತಂತಿ, ಈ ಮೂರೂ ಇಲ್ಲದ ಶೆಡ್ಡು ಅದೃಷ್ಟದ ಮೇಲೆ ನಿಂತಿದೆ.

ಆಷಾಢದ ಗಾಳಿಯ ಕೆಲಸಕ್ಕೆ ದೂರದ ಒಂದು ನಿದರ್ಶನ ಕೊಡುತ್ತೇನೆ. 1974ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯದ ಡಾರ್ವಿನ್ ಪಟ್ಟಣಕ್ಕೆ ‘ಟ್ರೇಸಿ’ ಎಂಬ ಚಂಡಮಾರುತ ಹೊಡೆಯಿತು. ಊರಿನ ಬಹುಪಾಲು ಮನೆಗಳು ಹಾಳಾದವು. ತಗಡಿನ ಛಾವಣಿಗಳು ಏಕೆ ಹೋದವು ಎಂದು ಪರೀಕ್ಷಿಸಿದಾಗ ತಿಳಿದದ್ದು ಇದು. ತಗಡು ಗಾಳಿಗೆ ಮೇಲೆ ಕೆಳಗೆ ಸಾವಿರಾರು ಸಲ ಬಡಿದು ಬಡಿದು ಸ್ಕ್ರೂ ತಲೆಯ ಸುತ್ತ ಸಣ್ಣ ಬಿರುಕು ಬಿಟ್ಟಿತ್ತು. ಸ್ಕ್ರೂ ತನ್ನ ಜಾಗದಲ್ಲೇ ಉಳಿಯಿತು, ತಗಡು ಅದನ್ನು ದಾಟಿ ಹೊರಟುಹೋಯಿತು. ಆಮೇಲೆ ಆ ದೇಶದಲ್ಲಿ ತಗಡನ್ನು ಮತ್ತೆ ಮತ್ತೆ ಬಡಿಸಿ ಪರೀಕ್ಷೆ ಮಾಡುವ ಪದ್ಧತಿ ಬಂತು. ನಮಗೆ ಚಂಡಮಾರುತ ಇಲ್ಲದಿರಬಹುದು, ಬಡಿತ ಇದೆ. ಈ ವರ್ಷ ಆಷಾಢದಲ್ಲಿ ಸಡಿಲವಾದದ್ದು ಬರುವ ವರ್ಷದ ಭರಣಿಗೆ ಹಾರುತ್ತದೆ.

ಹಾಗಾದರೆ ಭದ್ರವಾದ ಕಟ್ಟು ಯಾವುದು? ಕೆಳಗಿನಿಂದ ಮೇಲಕ್ಕೆ ಹೋಗೋಣ. ಮೊದಲು ಗೋಡೆ. ಕಲ್ಲು-ಮಣ್ಣಿನ ಗೋಡೆಯ ತಲೆಯ ಮೇಲೆ ಪೈಪು ಸುಮ್ಮನೆ ಕೂಡಿಸಿ, ಮೇಲೆ ಎರಡು ಕಲ್ಲು ಹೇರಿದರೆ ಅದು ಕಟ್ಟಲ್ಲ. ಗೋಡೆಯ ಮೇಲೆ ಸುತ್ತಲೂ ಸರಳು ಹಾಕಿದ ಕಾಂಕ್ರೀಟಿನ ಪಟ್ಟಿ ಬೇಕು. ಅದಾಗದಿದ್ದರೆ ಗೋಡೆಯೊಳಗೆ ಎರಡು ಮೂರು ಅಡಿ ಆಳಕ್ಕೆ ಇಳಿದು ಕಾಂಕ್ರೀಟಿನಲ್ಲಿ ಕಚ್ಚಿದ ಸರಳುಗಳಾದರೂ ಬೇಕು, ಪೈಪನ್ನು ಆ ಸರಳಿಗೆ ಬಿಗಿಯಬೇಕು. ಆಮೇಲೆ ಪೈಪು ಪೈಪಿನ ನಡುವಿನ ಅಂತರ. ಹಣ ಉಳಿಸಲು ಒಂದು ಪೈಪು ಕಡಿಮೆ ಮಾಡಿದರೆ ತಗಡು ನಡುವೆ ಜೋಲಿ ಹೊಡೆಯುತ್ತದೆ, ಬಡಿತ ಹೆಚ್ಚುತ್ತದೆ. ಮೂಲೆಯಲ್ಲಿ, ಅಂಚಿನಲ್ಲಿ, ಎರಡು ಇಳಿಜಾರು ಕೂಡುವ ನೆತ್ತಿಯಲ್ಲಿ ಸ್ಕ್ರೂಗಳು ಮತ್ತೆಲ್ಲ ಕಡೆಗಿಂತ ದಟ್ಟವಾಗಿರಬೇಕು. ಏಕೆಂದರೆ ಸೆಳೆತ ಅಲ್ಲೇ ಹೆಚ್ಚು.

ಜೆ ಹುಕ್ಕು ಹಾಕಿದರೂ ಸರಿ, ಸ್ಕ್ರೂ ಹಾಕಿದರೂ ಸರಿ, ಸುಕ್ಕು ತಗಡಿನಲ್ಲಿ ತೂತು ಏರಿನ ಮೇಲೆ ಬರಬೇಕು, ತಗ್ಗಿನಲ್ಲಿ ಬಂದರೆ ನೀರು ಅಲ್ಲಿಂದಲೇ ಇಳಿಯುತ್ತದೆ. ಪ್ರತಿ ತೂತಿಗೂ ವಾಶರು. ಡಾಂಬರಿನ ವಾಶರು ಬಿಸಿಲಿಗೆ ಕೆಲವು ವರ್ಷದಲ್ಲಿ ಒಡೆಯುತ್ತದೆ, ಒಳ್ಳೆಯ ರಬ್ಬರಿನದು ಹೆಚ್ಚು ಬಾಳುತ್ತದೆ. ತಗಡಿನ ಮೇಲೆ ತಗಡು ಕೂಡುವಲ್ಲಿ ಉದ್ದಕ್ಕೆ ಆರು ಇಂಚು, ಪಕ್ಕಕ್ಕೆ ಒಂದೂವರೆಯಿಂದ ಎರಡು ಸುಕ್ಕು ಒಂದರ ಮೇಲೊಂದು ಬರಬೇಕು. ಕೂಡುವ ಬಾಯಿ ಪಡುವಣ ಗಾಳಿಗೆ ಎದುರಾಗಿರದೆ ಬೆನ್ನು ಮಾಡಿರಬೇಕು. ನೆರಳಿಗೆಂದು ತಗಡನ್ನು ಗೋಡೆಯ ಹೊರಗೆ ಮೂರು ಅಡಿ ಚಾಚುವ ಆಸೆ ಎಲ್ಲರಿಗೂ ಇದೆ. ಆ ಚಾಚೇ ಗಾಳಿಗೆ ಹಿಡಿಯಲು ಸಿಗುವ ಅಂಚು. ಒಂದೂವರೆ ಅಡಿಗೆ ನಿಲ್ಲಿಸಿ, ನೆರಳು ಹೆಚ್ಚು ಬೇಕಾದರೆ ಪಡಸಾಲೆಗೆ ಬೇರೆಯದೇ ಇಳಿಜಾರು ಹಾಕಿಸಿ. ಆ ಇಳಿಜಾರು ಹಾರಿದರೂ ಮನೆಯ ಸೂರು ಉಳಿಯುತ್ತದೆ. ಒಂದೇ ಕಡೆ ಇಳಿಯುವ ಚಪ್ಪಟೆ ಛಾವಣಿಗಿಂತ ಎರಡು ಕಡೆ ಇಳಿಯುವ, ಇಪ್ಪತ್ತರಿಂದ ಮೂವತ್ತು ಡಿಗ್ರಿ ಓರೆಯ ಛಾವಣಿ ಗಾಳಿಗೆ ಮೇಲು.

ಹಳೆಯ ಮನೆಯನ್ನು ಪೂರ್ತಿ ಬಿಚ್ಚುವ ಶಕ್ತಿ ಇಲ್ಲದವರಿಗೂ ದಾರಿ ಇದೆ. ತಗಡಿನ ಮೇಲೆ ಅಂಚಿನುದ್ದಕ್ಕೂ ಒಂದು ಕಬ್ಬಿಣದ ಪಟ್ಟಿ ಇಟ್ಟು ಕೆಳಗಿನ ಪೈಪಿಗೆ ಬೋಲ್ಟು ಹಾಕಿ. ಕಲ್ಲು ಮಾಡಲಾರದ್ದನ್ನು ಆ ಪಟ್ಟಿ ಮಾಡುತ್ತದೆ, ತಗಡಿನ ಅಂಚನ್ನು ಇಡಿಯಾಗಿ ಹಿಡಿಯುತ್ತದೆ.

ಸಿಮೆಂಟ್ ಪತ್ರಾ ಬಗ್ಗೆ ಎರಡು ಮಾತು. ಅದು ತಗಡಿಗಿಂತ ಭಾರ, ಸ್ವಲ್ಪ ತಂಪು. ಆದರೆ ದೊಡ್ಡ ಆಲಿಕಲ್ಲಿಗೆ ಬಿರಿಯುತ್ತದೆ, ಮೇಲೆ ಕಾಲಿಟ್ಟ ಕೆಲಸಗಾರ ಒಳಗೆ ಬೀಳುತ್ತಾನೆ. ಕಲ್ನಾರು ಇರುವ ಹಳೆಯ ಪತ್ರಾ ಆದರೆ ಅದರ ಧೂಳು ಪುಪ್ಪುಸಕ್ಕೆ ವಿಷ. ಅರವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ, ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ. ಒಡೆದ ಚೂರನ್ನು ಕುಟ್ಟಿ ಅಂಗಳದ ತಗ್ಗಿಗೆ ತುಂಬಬೇಡಿ, ಗರಗಸದಿಂದ ಕೊಯ್ಯಬೇಡಿ. ತೆಗೆಯಲೇಬೇಕಾದರೆ ನೀರು ಹೊಡೆದು ನೆನೆಸಿ, ಒಡೆಯದೆ ಇಳಿಸಿ.

ಇನ್ನು ಕೆಲಸಗಾರನ ಮಾತು. ಮಾಳಿಗೆಯ ಕಾಲದಲ್ಲಿ ಬಡಿಗ, ಗೌಂಡಿ ಇಬ್ಬರೂ ಊರಿನವರೇ. ಬಡಿಗನಿಗೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು. ತೊಲೆ ಬಿರಿದರೆ ಅವನೇ ಬಂದು ನೋಡಬೇಕು. ಕೆಟ್ಟ ಕೆಲಸ ಮಾಡಿದವನು ಮರುದಿನ ಅದೇ ಮನೆಯ ಮುಂದೆ ಹಾದು ಹೋಗಬೇಕಿತ್ತು. ಆ ವ್ಯವಸ್ಥೆಯಲ್ಲಿ ಅನ್ಯಾಯಗಳೂ ಇದ್ದವು, ಅದು ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಲಸಕ್ಕೆ ಒಂದು ಹೊಣೆ ಇತ್ತು. ಈಗ ತಗಡು ಹಾಕುವವನು ತಾಲೂಕು ಊರಿನ ಫ್ಯಾಬ್ರಿಕೇಶನ್ ಅಂಗಡಿಯವನು. ಫೋನ್ ಮಾಡಿದರೆ ಬರುತ್ತಾನೆ, ಎರಡು ದಿನದಲ್ಲಿ ಮುಗಿಸಿ ಹೋಗುತ್ತಾನೆ. ಅವನು ಒಳ್ಳೆಯವನೇ ಇರಬಹುದು. ಹೊಣೆಯನ್ನು ಮಾತ್ರ ಈಗ ನಾವು ಕಾಗದದ ಮೇಲೆ ತರಬೇಕು.

ಗಾಳಿ ಹೊಡೆದ ಮರುದಿನ ಏನಾಗುತ್ತದೆ ನೋಡಿ. ಒಂದೇ ರಾತ್ರಿ ಹತ್ತು ಊರಿನ ತಗಡು ಹಾರಿವೆ. ಎಲ್ಲರಿಗೂ ಅದೇ ವೆಲ್ಡಿಂಗ್‌ನವನು ಬೇಕು. ಕಂಬ ಬಿದ್ದು ಕರೆಂಟು ಇಲ್ಲ, ವೆಲ್ಡಿಂಗ್ ನಡೆಯುವುದಿಲ್ಲ. ಅಂಗಡಿಯಲ್ಲಿ ಒಳ್ಳೆಯ ತಗಡು ತೀರಿ ತೆಳುವಾದದ್ದು ಉಳಿದಿದೆ, ಅದಕ್ಕೂ ದರ ಏರಿದೆ. ಮುಗಿಲು ಮತ್ತೆ ಕಪ್ಪಾಗುತ್ತಿದೆ. ಆ ಗಡಿಬಿಡಿಯಲ್ಲಿ ಬಾಗಿದ ಹಳೆಯ ತಗಡನ್ನೇ ಬಡಿದು ನೇರ ಮಾಡಿ, ಹಳೆಯ ತೂತಿಗೇ ಹೊಸ ಸ್ಕ್ರೂ ತಿರುವಿ ಹೋಗುತ್ತಾರೆ. ಅದು ತಾತ್ಕಾಲಿಕ ಎಂದು ಇಬ್ಬರೂ ಒಪ್ಪಿರುತ್ತಾರೆ, ಮಳೆಗಾಲ ಮುಗಿದ ಮೇಲೆ ಇಬ್ಬರೂ ಮರೆತಿರುತ್ತಾರೆ. ಗಾಳಿಯ ಮರುದಿನ ಮಾಡಬೇಕಾದದ್ದು ತಾಡಪಾಲಿನ ಕೆಲಸ. ನೆನೆಯದಂತೆ ಹೊದಿಸಿ, ಅವಸರದ ಕರಾರು ಮಾಡಬೇಡಿ.

ಕರಾರಿಗೆ ಸರಿಯಾದ ಕಾಲ ಯಾವುದು? ಇಲ್ಲಿ ನಮ್ಮ ಸೀಮೆಯ ಒಂದು ತೊಡಕಿದೆ. ಜತ್ತದ ಎಷ್ಟೋ ಕುಟುಂಬಗಳು ದಸರೆ, ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಕೃಷ್ಣೆಯ ದಡದ ಸಕ್ಕರೆ ಕಾರ್ಖಾನೆಗಳ ಕಡೆ ಹೊರಡುತ್ತವೆ. ಹಂಗಾಮು ಮುಗಿದು ಮರಳುವುದು ಯುಗಾದಿಯ ಆಸುಪಾಸಿಗೆ. ಸೂರು ದುರಸ್ತಿಗೆ ತಕ್ಕ ಒಣ ತಿಂಗಳುಗಳಲ್ಲಿ ಮನೆಯಲ್ಲಿ ಮುದುಕರು, ಮಕ್ಕಳಷ್ಟೇ. ಕೈಗೆ ಹಣ ಬರುವುದು, ದುಡಿಯುವವರು ಮನೆ ಸೇರುವುದು, ಮೊದಲ ಬಿರುಗಾಳಿ ಏಳುವುದು ಮೂರೂ ಒಂದೇ ತಿಂಗಳಲ್ಲಿ. ಆದ್ದರಿಂದ ಕರಾರು ಹೊರಡುವ ಮುಂಚೆಯೇ ಆಗಲಿ. ಅಳತೆ ತೆಗೆಸಿ, ದರ ಕೇಳಿ, ದಿನ ಗೊತ್ತು ಮಾಡಿ ಹೋಗಿ. ಬಂದ ವಾರವೇ ಕೆಲಸ ಹಚ್ಚಿ. ಒಂದು ಓಣಿಯ ನಾಲ್ಕಾರು ಮನೆಯವರು ಕೂಡಿ ಕರೆದರೆ ತಗಡು ಸಗಟು ದರಕ್ಕೆ ಸಿಗುತ್ತದೆ, ದೂರದ ಒಳ್ಳೆಯ ಕೆಲಸಗಾರನೂ ಬರಲು ಒಪ್ಪುತ್ತಾನೆ.

ಕರಾರಿನ ಚೀಟಿಯಲ್ಲಿ ಬರಬೇಕಾದದ್ದು ಹೆಚ್ಚಿಲ್ಲ. ತಗಡಿನ ದಪ್ಪ ಮಿಲಿಮೀಟರಿನಲ್ಲಿ ಬರೆಸಿ. ಗೇಜ್ ಎಂದು ಹೇಳಿದರೆ ಅನೇಕರು ಮೋಸ ಹೋಗುತ್ತಾರೆ, ಏಕೆಂದರೆ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. ಪೈಪುಗಳ ಸಂಖ್ಯೆ, ನಡುವಿನ ಅಂತರ, ಗೋಡೆಗೆ ಹಾಕುವ ಸರಳುಗಳ ಸಂಖ್ಯೆ, ಪ್ರತಿ ತಗಡಿಗೆ ಸ್ಕ್ರೂ ಎಷ್ಟು ಎಂಬುದನ್ನೂ ಬರೆಸಿ. ಹಳೆಯ ತಗಡು ಯಾರಿಗೆ ಸೇರುತ್ತದೆ ಎಂಬುದೂ ಇರಲಿ, ಜಗಳ ಹುಟ್ಟುವುದು ಅಲ್ಲೇ. ಹಣವನ್ನು ಮೂರು ಕಂತಾಗಿ ಕೊಡಿ, ಸಾಮಾನು ಬಂದಾಗ ಒಂದು, ಪೈಪು ಬಿಗಿದಾಗ ಒಂದು, ಮೊದಲ ಮಳೆಯ ನಂತರ ಸಣ್ಣದೊಂದು ಕೊನೆಯ ಕಂತು. ಗೋಡೆಯ ಸರಳು ಕಾಂಕ್ರೀಟಿನಲ್ಲಿ ಮುಚ್ಚುವ ಮುಂಚೆ ನೀವೇ ನೋಡಿ. ತಗಡು ಮುಚ್ಚಿದ ಮೇಲೆ ಒಳಗಿನ ಕಳ್ಳತನ ಕಾಣುವುದಿಲ್ಲ.

ಹತ್ತುವವನ ಜೀವದ ಹೊಣೆಯೂ ಕರೆಸಿದವರ ಮೇಲಿದೆ. ಗಾಳಿ ಇರುವಾಗ ತಗಡು ಎತ್ತಿಸಬೇಡಿ. ಹತ್ತುವ ಮುಂಚೆ ಮೇನ್ ಸ್ವಿಚ್ ತೆಗೆಯಿರಿ. ಕಂಬದಿಂದ ಮನೆಗೆ ಬರುವ ವಿದ್ಯುತ್ ತಂತಿ ತಗಡಿಗೆ ತಾಗಿ, ಹೊದಿಕೆ ಸವೆದು, ಇಡೀ ಛಾವಣಿಗೆ ಕರೆಂಟು ಹರಿದು ಸತ್ತವರಿದ್ದಾರೆ. ಕೆಲಸಗಾರ ಪೈಪಿನ ಮೇಲೆಯೇ ಕಾಲಿಡಲಿ, ಸೊಂಟಕ್ಕೆ ಹಗ್ಗ ಇರಲಿ. ಕಟ್ಟಡ ಕಾರ್ಮಿಕರ ಕಾನೂನಿನಡಿ, ವರ್ಷದಲ್ಲಿ 90 ದಿನ ಇಂಥ ಕೆಲಸ ಮಾಡಿದ 18ರಿಂದ 60 ವರ್ಷದ ಯಾರಾದರೂ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ನಿಮ್ಮ ಮನೆಗೆ ಬರುವ ಗೌಂಡಿ, ವೆಲ್ಡರ್, ಅವರ ಕೈಕೆಳಗಿನ ಹುಡುಗ ನೋಂದಾಯಿಸಿದ್ದಾರೆಯೇ ಕೇಳಿ. ಬಿದ್ದ ದಿನ ಆ ಕಾರ್ಡು ಅವರ ಮನೆಯವರಿಗೆ ಆಸರೆ.

ಕಡೆಯದಾಗಿ ಪರಿಹಾರಕ್ಕೆ ಬೇಕಾದ ಪಂಚನಾಮೆ. ಸೂರು ಹೋದ ದಿನ ಊರಿನ ಕಂದಾಯ ಅಧಿಕಾರಿಗೆ, ಎಂದರೆ ತಲಾಠಿಗೆ, ತಿಳಿಸಿ. ತಗಡು ಸರಿಸುವ ಮುಂಚೆ ಫೋಟೋ ತೆಗೆಯಿರಿ, ಮನೆಯ ನಂಬರು ಕಾಣುವ ಹಾಗೆ ಒಂದು, ಒಳಗಿನ ಹಾನಿ ಕಾಣುವ ಹಾಗೆ ಇನ್ನೊಂದು. 2022ರಿಂದ 2026ರ ಅವಧಿಯ ಕೇಂದ್ರದ ಮಾನದಂಡದಲ್ಲಿ, ಕನಿಷ್ಠ ನೂರಕ್ಕೆ ಹದಿನೈದರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000, ದನದ ಕೊಟ್ಟಿಗೆಗೆ 3,000 ಇತ್ತು. ರಾಜ್ಯ ತನ್ನದಷ್ಟು ಸೇರಿಸಬಹುದು. ಆ ಮಾನದಂಡದ ಪಟ್ಟಿಯಲ್ಲಿ ಆಲಿಕಲ್ಲು, ನೆರೆ, ಚಂಡಮಾರುತ ಇದ್ದವು, ಬರಿಯ ಬಿರುಗಾಳಿಯ ಹೆಸರಿರಲಿಲ್ಲ. ಬಿರುಗಾಳಿಯ ಪರಿಹಾರ ರಾಜ್ಯದ ಆದೇಶದ ಮೇಲೆ ನಿಂತಿತ್ತು. ಹೀಗಾಗಿ ಗಾಳಿಯ ಜೊತೆಗೆ ಆಲಿಕಲ್ಲು ಬಿದ್ದಿದ್ದರೆ, ಅಕಾಲದ ಮಳೆ ಸುರಿದಿದ್ದರೆ ಅದು ಪಂಚನಾಮೆಯಲ್ಲಿ ಬಂದಿದೆಯೇ ನೋಡಬೇಕು. ಕಾಗದ ಮರಾಠಿಯಲ್ಲಿರುತ್ತದೆ. ಓದಬಲ್ಲ ಶಾಲೆಯ ಹುಡುಗಿಯಿಂದಲಾದರೂ ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿ, ಆಮೇಲೆ ಹೆಬ್ಬೆಟ್ಟೋ ಸಹಿಯೋ ಹಾಕಿ.

ಆ ಮೊತ್ತ ಕೇಳಿದಾಗಲೇ ನಿಮಗೆ ತಿಳಿದಿರಬೇಕು, ಪರಿಹಾರದಿಂದ ಸೂರು ಮರಳಿ ಏಳುವುದಿಲ್ಲ. ಒಂದು ಸಾಧಾರಣ ಮನೆಯ ಅಂಚಿಗೆ ಪಟ್ಟಿ, ಹೆಚ್ಚಿನ ಸ್ಕ್ರೂ, ಗೋಡೆಗೆ ಸರಳು ಹಾಕಿಸುವ ಖರ್ಚು ಹೊಸ ತಗಡಿನ ಖರ್ಚಿನ ಮುಂದೆ ಸಣ್ಣದು. ನಾವು ತಗಡಿನ ಹೊಳಪಿಗೆ, ಬಣ್ಣಕ್ಕೆ ಚೌಕಾಸಿ ಇಲ್ಲದೆ ಕೊಡುತ್ತೇವೆ, ಕಣ್ಣಿಗೆ ಕಾಣದ ಬೋಲ್ಟಿಗೆ ಚೌಕಾಸಿ ಮಾಡುತ್ತೇವೆ. ಹಿರಿಯರು ಮಾಳಿಗೆಗೆ ವರ್ಷಕ್ಕೊಮ್ಮೆ ಮಣ್ಣು ಹಾಕುವುದನ್ನು ತಪ್ಪಿಸಲಿಲ್ಲ. ತಗಡಿನ ಮನೆಗೂ ಅಂಥ ವಾರ್ಷಿಕ ಕೆಲಸ ಒಂದಿದೆ. ಆಷಾಢ ಕಳೆದ ಮೇಲೆ ಒಮ್ಮೆ, ಹೋಳಿ ಹುಣ್ಣಿಮೆಯ ಹೊತ್ತಿಗೆ ಇನ್ನೊಮ್ಮೆ ಪಾನಾ ಹಿಡಿದು ಪ್ರತಿಯೊಂದು ನಟ್ಟನ್ನೂ ಬಿಗಿಸಿ, ಒಡೆದ ವಾಶರು ಬದಲಿಸಬೇಕು. ಈ ವರ್ಷದಿಂದ ಅದನ್ನು ಮನೆಯ ಲೆಕ್ಕದಲ್ಲಿ ಬೀಜ, ಗೊಬ್ಬರದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಕಟ್ಟು ಭದ್ರವಾದ ಮನೆಯಿಂದ ಕಲ್ಲು ಇಳಿಸಿ, ಪಕ್ಕದ ಮನೆಯವರಿಗೂ ಇಳಿಸಲು ಹೇಳಿ. ಅವರ ಕಲ್ಲು, ಅವರ ತಗಡು ಹಾರಿದರೆ ಬೀಳುವುದು ನಿಮ್ಮ ಅಂಗಳಕ್ಕೇ.